ಜಟ್ಟಪ್ಪ ಹೊತ್ತು ತರುವ ಬಾಟಲಿಗಳು

ನಸುಕಿನಲ್ಲೇ ಜಟ್ಟಪ್ಪ ಮನೆಮನೆಯ ಮುಂದೆ ನಿಂತು ಖಾಲಿ ಬಾಟಲಿ ಕೇಳುತ್ತಾರೆ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಜೋಡಿಸಿ, ಕಂಬಳಿ ಕೊಪ್ಪೆ ಹಾಕಿಕೊಂಡು ಬನವಾಸಿಯ ದವಾಖಾನೆಗೆ ಏಳು ಮೈಲಿ ನಡೆಯುತ್ತಾರೆ. ಸಂಜೆಗೆ ಔಷಧಿ ತುಂಬಿಸಿ ತರುತ್ತಾರೆ. ಹೆಂಡತಿ ಔಷಧಿಯಿಲ್ಲದೆ ತೀರಿದ ವರ್ಷ ಹಿಡಿದ ಕೆಲಸವಿದು. ಓದು ಬಾರದು. ಬೂಚಿಗೆ ಕಟ್ಟಿದ ದಾರದ ಗಂಟು ನೋಡಿ ಯಾರ ಬಾಟಲಿಯೆಂದು ಹೇಳುತ್ತಾರೆ.

ಈ ಮಳೆಗಾಲ, ೧೯೫೭ರ ಫ್ಲೂ ಜ್ವರ ಊರು ಹೊಕ್ಕ ಮೇಲೆ, ದಿನಕ್ಕೆ ಮೂವತ್ತು ಬಾಟಲಿ. ಎಲ್ಲವೂ ಮೇಲಿನ ಓಣಿಯವು. ಪಂಚಾಯ್ತಿ ಚುನಾವಣೆ ಹತ್ತಿರವಿದೆ. ಜ್ವರವೆಂದು ಆ ಓಣಿಯವರೇ ಆದ ಅಧ್ಯಕ್ಷ ಶಂಕ್ರಪ್ಪನವರು ಸಂತೆ, ಸಭೆ ನಿಲ್ಲಿಸಿದರು. ಸೋಲುವ ಭಯಕ್ಕೆ ಹುಟ್ಟಿಸಿದ ಜ್ವರವಿದು ಎಂದು ಕೆಳಗಿನ ಓಣಿಯ ಎದುರಾಳಿ ಚನ್ನಯ್ಯನವರು ಸಭೆ ನಡೆಸಿಯೇ ಬಿಟ್ಟರು. ಅಂದಿನಿಂದ ಅವರ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕೆಮ್ಮುತ್ತಾರೆ. ಮೇಲಿನ ಓಣಿಯವರೂ ಕಡಿಮೆಯಿಲ್ಲ. "ಅವರಿಗೆ ಜ್ವರ ಇಲ್ಲಲ್ಲೋ, ಅವರ ಪಾಲಿಂದೂ ನಮಗ ತಾ" ಎಂದು ಜಟ್ಟಪ್ಪನನ್ನು ಛೇಡಿಸುತ್ತಾರೆ.

ಜಟ್ಟಪ್ಪನ ಒಬ್ಬಳೇ ಮಗಳು ಸಿದ್ದವ್ವ, ಚನ್ನಯ್ಯನವರ ಸೊಸೆ. ಅವಳು ಜ್ವರದಲ್ಲಿ ಮಲಗಿದ ಮೂರನೆಯ ದಿನ ಅತ್ತೆ ಗೌರಕ್ಕ ತಮ್ಮ ಮನೆಯ ಹಿತ್ತಲಿಗೆ ಬಂದು, ಸೆರಗಿನಲ್ಲಿ ಮರೆಮಾಡಿದ್ದ ಬಾಟಲಿಯನ್ನು ಜಟ್ಟಪ್ಪನ ಕೈಗಿಟ್ಟರು; ದಾರಿಗೆಂದು ಎರಡು ರೊಟ್ಟಿಯನ್ನೂ. ಎಲ್ಲೂ ಕೂರದೆ ನಡೆದು, ಔಷಧಿ ತುಂಬಿಸಿಕೊಂಡು ಜಟ್ಟಪ್ಪ ಮಧ್ಯಾಹ್ನಕ್ಕೇ ಮರಳಿದರು. ಹಿತ್ತಲ ಬಾಗಿಲು ಹಾಕಿತ್ತು. ಮುಂಬಾಗಿಲಿಗೆ ಹೋದರೆ ಕಟ್ಟೆಯ ಮೇಲೆ ತಮ್ಮ ಪಕ್ಷದವರ ನಡುವೆ ಚನ್ನಯ್ಯ ಕುಳಿತಿದ್ದರು.

"ನಮ್ಮ ಮನ್ಯಾಗ ಯಾರಿಗೂ ಜ್ವರ ಇಲ್ರಿ ಬೀಗರ. ಒಯ್ರಿ ಅದನ್ನ."

"ಒಮ್ಮೆ ಮಗಳ ಮಾರಿ ನೋಡಿ ಹೋಗ್ತೇನ್ರಿ."

"ಮಲಗ್ಯಾಳ."

ಶಂಕ್ರಪ್ಪ ಕಳಿಸಿದನೇನು ಎಂದು ಕುಳಿತವರಲ್ಲೊಬ್ಬ ನಕ್ಕನಂತೆ.

ಮರುದಿನ ಸಿದ್ದವ್ವ ತೀರಿದಳು. ಊರಿನ ಪೋಲೀಸ್ ಪಾಟೀಲರು ಬರೆದಿಡುವ ಮರಣದ ಪುಸ್ತಕದಲ್ಲಿ, ಚನ್ನಯ್ಯ ಹೇಳಿದಂತೆ, ಕಾರಣ 'ವಾಯು' ಎಂದಾಯಿತು. ಸಭೆ ಬೇಡವೆಂದಿದ್ದ ಮೇಲಿನ ಓಣಿಯವರೇ, ನಮ್ಮ ಸಭೆಗೆ ಬಂದು ಇದನ್ನು ಹೇಳು ಎಂದು ಜಟ್ಟಪ್ಪನನ್ನು ಕರೆದರು. ಅವರು ಹೋಗಲಿಲ್ಲ.

ಬೆಳಗಾದರೆ ಈಗಲೂ ನಡೆಯುತ್ತಾರೆ. ಕೆಳಗಿನ ಓಣಿಯಲ್ಲಿ ಈ ವಾರ ಮತ್ತೆ ಮೂವರು ತೀರಿದ್ದಾರೆ. ಅಲ್ಲಿಂದ ಒಂದು ಬಾಟಲಿಯೂ ಬಂದಿಲ್ಲ. ನಿಮಗೇನಾಗಬೇಕು ಎಂದು, ಇದನ್ನು ಬರೆದುಕೊಳ್ಳುವ ನಾನು ಕೇಳಿದರೆ, ಬುಟ್ಟಿಯ ಹುಲ್ಲು ಸರಿಪಡಿಸುತ್ತ ಹೇಳುತ್ತಾರೆ.

"ಆ ಪುಸ್ತಕದಾಗ ಜ್ವರ ಅಂತ ಬರೀಲಿ, ಅವ್ವಾ. ನನಗ ಓದಾಕ ಬರಂಗಿಲ್ಲ. ಯಾರರ ಓದಿ ಹೇಳಿದ್ರ ಸಾಕು."