ಉಷಾರುಂಟು ಎನ್ನುವ ಅಭ್ಯಾಸ

ಹಂದಿಜ್ವರ ಬಂದ ವರ್ಷ ಬೆಳ್ತಂಗಡಿ ಕಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ಜ್ವರದವರನ್ನೆಲ್ಲ ಅಂಗಳದಲ್ಲೇ ದೂರ ದೂರ ನಿಲ್ಲಿಸಿದ್ದರು. ಮೈ ಸುಡುತ್ತಿದ್ದರೂ ಅಮ್ಮ ಅದನ್ನು ನೋಡಿ ನಕ್ಕಳು. "ನೋಡು ಮಗಾ, ಈಗ ದೊಡ್ಡವರೂ ನಮ್ಮ ಹಾಗೆ ಅಂಗಳದಲ್ಲೇ." ನಕ್ಕದ್ದೇ ತಡ, ಕೆಮ್ಮು ಹತ್ತಿತು.

ನಾವು ಕೊರಗರು, ಬುಟ್ಟಿ ಹೆಣೆಯುವವರು. ಬುಟ್ಟಿ ಕೊಡಲು ಹೋದ ಮನೆಗಳಲ್ಲಿ ಅಮ್ಮ ಅಂಗಳ ದಾಟಿದವಳಲ್ಲ. ಜಗಲಿಯಿಂದ ಯಾರಾದರೂ "ಹೇಗಿದ್ದಿ?" ಎಂದರೆ ಉತ್ತರ ಒಂದೇ: "ಉಷಾರುಂಟು." ಕಷ್ಟ ಹೇಳಿಕೊಂಡರೆ ಬೇಡಲು ಬಂದಿದ್ದಾಳೆ ಅಂದುಕೊಳ್ತಾರಲ್ಲ. ಸ್ವಲ್ಪ ದಿನದ ಹಿಂದೆ ಚಿಕ್ಕಮ್ಮ ಇದೇ ಆಸ್ಪತ್ರೆಯ ಕಿಟಕಿಯಲ್ಲಿ ಅದೇ "ಉಷಾರುಂಟು" ಹೇಳಿ, ಜ್ವರದ ಮಾತ್ರೆ ಹಿಡಿದುಕೊಂಡು ಮನೆಗೆ ಬಂದಿದ್ದಳು. ವಾರದೊಳಗೆ ಅವಳನ್ನು ಮಣ್ಣು ಮಾಡಿದೆವು. ಅದೇ ಜ್ವರ ಬಂದಿದ್ದ ತೋಟದ ಮನೆಯ ಧಣಿಗಳು ಮಂಗಳೂರಿಗೆ ಹೋಗಿ ಗುಣವಾಗಿ ಬಂದಿದ್ದರು.

ನಮ್ಮ ಸರದಿ ಬಂತು. ಸಿಸ್ಟರ್ ಕಿಟಕಿಯಿಂದ ಕೇಳಿದರು, "ಉಸಿರಾಡ್ಲಿಕ್ಕೆ ಕಷ್ಟ ಉಂಟಾ ಅಮ್ಮ?"

"ಇಲ್ಲ. ಉಷಾರುಂಟು."

ಸಿಸ್ಟರ್ ಮಾತ್ರೆಯ ಪೊಟ್ಟಣ ಚಾಚಿದರು. ಅವರನ್ನು ನಾನು ದೂರುವುದಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ ಅವರಿಗೆ. ಆದರೆ ಅಮ್ಮನ ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು.

ಮೂಡಬಿದ್ರೆಯ ಹಾಸ್ಟೆಲಿನಲ್ಲಿದ್ದು ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅಲ್ಲಿ ಕಲಿತದ್ದರಲ್ಲಿ ತುಂಬ ಮರೆತಿದ್ದೇನೆ. ಕಿಟಕಿಯ ಎದುರು ಗಟ್ಟಿಯಾಗಿ ಮಾತಾಡುವುದು ಮಾತ್ರ ಉಳಿದಿತ್ತು.

"ಅಮ್ಮ ಹೇಳುದು ಸುಳ್ಳು ಸಿಸ್ಟರ್. ಮಲಗಿದರೆ ಉಸಿರು ಸಿಗುದಿಲ್ಲ, ಕೂತೇ ನಿದ್ದೆ ಮಾಡುದು. ಡಾಕ್ಟ್ರು ನೋಡದೆ ನಾವು ಹೋಗುದಿಲ್ಲ."

"ಮರ್ಯಾದೆ ತೆಗಿಬೇಡ ಮಾರಾಯ್ತಿ," ಅಮ್ಮ ನನ್ನ ಕೈ ಜಗ್ಗಿದಳು.

ಹಿಂದೆ ನಿಂತಿದ್ದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, "ಒಳಗೆ ಕರ್ಕೊಂಡು ಹೋಗಿ. ನಾವು ನಿಲ್ತೇವೆ," ಎಂದರು.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರೇ ಆಂಬುಲೆನ್ಸಿಗೆ ಫೋನ್ ಮಾಡಿಸಿದರು. ನ್ಯುಮೋನಿಯಾ.

ಅಮ್ಮ ಮಂಗಳೂರಿನಿಂದ ಬದುಕಿ ಬಂದಳು. ಮತ್ತೆ ತೋರಿಸಲು ಹೋದಾಗ ಅದೇ ಸಿಸ್ಟರ್, "ಹೇಗಿದ್ದೀರಿ ಅಮ್ಮ?" ಎಂದರು. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು.

"ಗುಡ್ಡ ಹತ್ತುವಾಗ ಏದುಸಿರು. ಅನ್ನ ರುಚಿಸುದಿಲ್ಲ. ಇವಳ ಅಡಿಗೆಯೂ ಹಾಗೇ ಉಂಟು ಬಿಡಿ. ಮತ್ತೆ ಈ ಸೊಂಟ..."

ಸಿಸ್ಟರ್ ನಗುತ್ತಾ ಸ್ಟೂಲು ಎಳೆದುಕೊಟ್ಟರು. "ಕೂತು ಹೇಳಿ."

ಅಮ್ಮ ಕೂತಳು. ಸೊಂಟದ ಮಾತು ಅಲ್ಲಿಗೇ ನಿಂತಿತು.

"ನನ್ನ ತಂಗಿಗೂ ಉಸಿರು ಸಿಗ್ತಿರಲಿಲ್ಲ," ಎಂದಳು. "ಅವಳು ಹೇಳಲಿಲ್ಲ."