ಘಟ್ಟದ ಹೊಳೆಯ ಆಚೆ ದಡದಲ್ಲಿ ನಮ್ಮ ಯಜಮಾನರು

ತಾಯಿ ಬನಶಂಕರಿಯನ್ನು ನಂಬಿ ಬದುಕುವ ಎಲ್ಲರಿಗೂ ಬನಹಟ್ಟಿಯ ಶಾಂತವ್ವನ ಶರಣು. ನಾನು ಬರೆದು ರೂಢಿ ಇರುವವಳಲ್ಲ, ಮಗ್ಗದ ಮನೆಯವಳು. ಆದರೂ ಕಳೆದ ವರ್ಷ ದಸರೆ ಮುಗಿದ ವಾರದಲ್ಲಿ ನಮಗೆ ಬಂದ ಕಷ್ಟವನ್ನು, ತಾಯಿ ಅದನ್ನು ಕಳೆದ ಬಗೆಯನ್ನು ನಾಲ್ಕು ಜನರಿಗೆ ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಅನ್ನಿಸಿ ಕೂತು ಬರೆಯುತ್ತಿದ್ದೇನೆ.

ಕಷ್ಟ ಶುರುವಾದದ್ದು ಕಿವಿಯಿಂದ. ನಮ್ಮ ಯಜಮಾನರ ಹೆಸರು ಗುರುಪಾದಪ್ಪ. ಮೀಸೆ ಮೂಡುವ ಮೊದಲೇ ಪವರ್‌ಲೂಮ್ ಮಗ್ಗಗಳ ನಡುವೆ ನಿಂತವರು. ನಮ್ಮ ಓಣಿಗೆ ಬಂದವರಿಗೆ ಆ ಸದ್ದು ಎಂಥದ್ದೆಂದು ಗೊತ್ತು. ಶೆಡ್ಡಿನೊಳಗೆ ಪಕ್ಕದಲ್ಲೇ ನಿಂತು ಕಿರುಚಿದರೂ ಒಂದು ಅಕ್ಷರ ಕೇಳುವುದಿಲ್ಲ. ಅದಕ್ಕೇ ಅಲ್ಲಿ ನಾವು ಬಾಯಿಂದ ಮಾತಾಡುವುದಿಲ್ಲ, ಕೈಯಿಂದ ಮಾತಾಡುತ್ತೇವೆ. ಎರಡು ಮುಷ್ಟಿಯನ್ನು ಎದೆಯ ಮುಂದೆ ಜೋಡಿಸಿ ಫಟ್ಟನೆ ಅಗಲಿಸಿದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದರ್ಥ. ಉಣ್ಣಲು ಬಾ, ನೀರು ಕೊಡು, ಮಾಲಕರು ಬಂದರು, ಎಲ್ಲದಕ್ಕೂ ಒಂದೊಂದು ಸನ್ನೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ನಾವು ಜಗಳಾಡಿದ್ದೂ ಮತ್ತೆ ರಾಜಿಯಾದದ್ದೂ ಇದೇ ಕೈಗಳಿಂದ.

ವರ್ಷಗಳು ಕಳೆದಂತೆ ಅವರಿಗೆ ಮನೆಯಲ್ಲೂ ಕೇಳದಂತಾಯಿತು. ಮೊದಲು ಮೊಮ್ಮಕ್ಕಳ ಮಾತು ಹೋಯಿತು, ಆಮೇಲೆ ನನ್ನದು. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, "ಒಳಗಿನ ನರ ಸತ್ತಾವ್ರಿ. ಮಷೀನ್ ಹಾಕಿದ್ರೂ ಅಷ್ಟಕ್ಕಷ್ಟ" ಎಂದು ನನಗೆ ಹೇಳಿದರು. ಯಜಮಾನರಿಗೆ ನಾನೇ ಬಸ್ಸಿನಲ್ಲಿ ಕೂತು ಕೈಯಿಂದ ಹೇಳಬೇಕಾಯಿತು. ಅಂದಿನಿಂದ ಅವರು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ನಾಲ್ಕು ಜನ ನಕ್ಕರೆ ತನ್ನನ್ನು ನೋಡಿಯೇ ನಕ್ಕರೆಂದು ಎದ್ದು ಬರುತ್ತಿದ್ದರು. ನಗುನಗುತ್ತಾ ಇದ್ದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಲಿತರು.

ನಾನು ತಾಯಿಯ ಬೆನ್ನು ಹತ್ತಿದೆ. ಶುಕ್ರವಾರ ಶುಕ್ರವಾರ ಒಪ್ಪತ್ತು ಮಾಡಿದೆ. ಬನದ ಹುಣ್ಣಿಮೆಗೆ ಬಾದಾಮಿಯವರೆಗೆ ನಡೆದು ಹೋಗಿ, "ಅವರ ಕಿವಿ ತೆರಿಯವ್ವ, ಬ್ಯಾರೆ ಏನೂ ಬ್ಯಾಡ" ಎಂದು ಉಡಿ ಒಡ್ಡಿದೆ. ಏನೂ ಆಗಲಿಲ್ಲ. ನನ್ನದು ಮೊದಲಿನಿಂದಲೂ ಬಾಯಿ ಜೋರು. ಒಂದು ಶುಕ್ರವಾರ ದೇವರ ಮನೆಯಲ್ಲಿ ದೀಪ ಹಚ್ಚುತ್ತಾ, "ನಿನಗೂ ಕಿವಿ ಕೇಳಂಗಿಲ್ಲೇನಬೇ?" ಎಂದು ಅಂದೇಬಿಟ್ಟೆ. ಅಂದ ಮೇಲೆ ಎದೆ ಧಸಕ್ಕೆಂದಿತು, ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಅವರಿಗೆ ಉಳಿದಿದ್ದ ಒಂದೇ ಸುಖವೆಂದರೆ ಹಳೆಯ ಬೈಕು. ಸಂಜೆ ಅದನ್ನು ಒರೆಸಿ ಕೃಷ್ಣಾ ಹೊಳೆಯ ಕಡೆ ಹೋಗಿ ಬರುವರು. "ಗಾಡಿ ಮ್ಯಾಲ ಇದ್ದಾಗ ಯಾರೂ ನನ್ನ ಜೋಡಿ ಮಾತಾಡಂಗಿಲ್ಲ. ಅದಕ್ಕ ಛಲೋ ಅನಸ್ತೈತಿ" ಎನ್ನುತ್ತಿದ್ದರು. ಮುಧೋಳದ ಸಂಜು ಎಂಬ ಹುಡುಗ ಬೈಕಿನವರನ್ನು ಗುಂಪು ಕಟ್ಟಿಕೊಂಡು ಘಟ್ಟ ಇಳಿಸಿ, ಸಮುದ್ರದ ದಂಡೆ ಹಿಡಿದು ತೋರಿಸಿ ಕರೆತರುತ್ತಾನೆ. ಮುಂದೆ ಅವನ ಬೈಕು, ನಡುವೆ ಬಂದವರು, ಕೊನೆಗೆ ಸಾಮಾನಿನ ಜೀಪು. ಯಜಮಾನರು ನಾನೂ ಹೋಗುತ್ತೇನೆಂದು ಹಟ ಹಿಡಿದರು. ಜೀಪಿನಲ್ಲಿ ನನಗೆ ಜಾಗ ಕೊಟ್ಟರೆ ಮಾತ್ರ ಎಂದು ನಾನೂ ಹಟ ಹಿಡಿದೆ.

ಸಂಜುಗೆ ಮೊದಲೇ ಎಲ್ಲ ಬಿಡಿಸಿ ಹೇಳಿದೆ. "ತಮ್ಮಾ, ಅವ್ರಿಗೆ ಹಾರ್ನ್ ಕೇಳಂಗಿಲ್ಲ. ಆಮ್ಯಾಲ ಹೇಳಲಿಲ್ಲ ಅನಬ್ಯಾಡ."

"ನಾ ಲೈಟ್ ಹಾಕಿ ತೋರಸ್ತೇನ್ರಿ ಅಕ್ಕಾರ. ಅಣ್ಣಾರ್ನ ಜೀಪಿನ ಮುಂದ ಇಡತೇನಿ. ಹಿಂದ ನೀವ ಇರ್ತೀರಲ್ರಿ" ಎಂದ. ಹುಡುಗ ಒಳ್ಳೆಯವನು, ಇಂದಿಗೂ ಅವನ ಮೇಲೆ ನನಗೆ ಸಿಟ್ಟಿಲ್ಲ.

ಬನ್ನಿ ಮುಡಿದ ಮರುದಿನ ಹೊರಟೆವು. ಮಗ್ಗ ಪೂಜೆಗೆ ನಿಂತಿದ್ದವು, ಓಣಿ ಸುಮ್ಮನಿತ್ತು. ದಾಂಡೇಲಿಯ ಕಾಡು ದಾಟಿ ಅಣಶಿ ಘಟ್ಟ ಇಳಿಯುವಾಗ ನಾನು ಜೀಪಿನ ಕಂಬಿ ಹಿಡಿದುಕೊಂಡೇ ಕೂತಿದ್ದೆ. ಬಯಲು ಸೀಮೆಯ ನಮಗೆ ಒಂದು ಕಡೆ ಬಂಡೆ, ಒಂದು ಕಡೆ ಪಾತಾಳ ಇರುವ ದಾರಿ ರೂಢಿ ಇಲ್ಲ. ಯಜಮಾನರು ಮಾತ್ರ ತಿರುವು ತಿರುವಿಗೂ ಹಿಂದೆ ನೋಡಿ ನಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ಆ ನಗು ನೋಡಿದೆ.

ಕಾರವಾರದ ದಂಡೆಯಲ್ಲಿ ಅವರು ನೀರಿನ ಹತ್ತಿರ ಹೋಗಿ ನಿಂತರು. ಸಮುದ್ರ ಜೋರಾಗಿ ಮೊರೆಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ದೊಡ್ಡ ದನಿಯಲ್ಲಿ, "ಶಾಂತಾ, ಇದು ಎದಿಗೆ ಬಡಿಯಾಕತ್ತೈತಿ. ಥೇಟ್ ನಮ್ಮ ಶೆಡ್ಡಿನಂಗ" ಎಂದರು. ನಾನು ದೂರದಿಂದಲೇ ಕೈ ಎತ್ತಿ, ಉಣ್ಣಲು ಬನ್ನಿ ಎಂದೆ. ಅವರು, ಮಾಲಕರು ಬಂದರು ತಡಿ ಎಂದು ಸನ್ನೆ ಮಾಡಿ ಸಮುದ್ರವನ್ನು ತೋರಿಸಿದರು. ಜೊತೆಯವರು ಇವರಿಗೇನು ಹುಚ್ಚೇ ಎಂಬಂತೆ ನೋಡಿದರು.

ಗೋಕರ್ಣದಲ್ಲಿ ದರ್ಶನ ಮಾಡಿಕೊಂಡು ಶಿರಸಿ ಕಡೆಗೆ ಘಟ್ಟ ಏರುವಾಗ ಮಳೆ ಹಿಡಿಯಿತು. ಅದು ನಮ್ಮ ಕಡೆಯ ಮಳೆಯಲ್ಲ, ಎದುರಿನ ಗಾಡಿ ಕಾಣುತ್ತಿರಲಿಲ್ಲ. ಮೇಲೆ ಮಂಜು ಬೇರೆ. ಒಂದು ತಿರುವಿನಲ್ಲಿ ಟ್ಯಾಂಕರ್ ಕೆಟ್ಟು ಅಡ್ಡ ನಿಂತಿತ್ತು, ಬೈಕುಗಳು ಸಂದಿಯಲ್ಲಿ ನುಸುಳಿ ಹೋದವು, ನಮ್ಮ ಜೀಪು ಹಿಂದೆ ಉಳಿಯಿತು. ಜೀಪಿನ ಡ್ರೈವರ್ ಸಾವಳಗಿಯ ಮೌಲಾಲಿ, "ಮುಂದ ಚಹಾದಂಗಡಿಗೆ ನಿಂತಿರ್ತಾರ ಬಿಡ್ರಿ ಅಕ್ಕಾರ" ಎಂದು ಧೈರ್ಯ ಹೇಳಿದ. ಟ್ಯಾಂಕರ್ ಸರಿದು ನಾವು ಚಹಾದಂಗಡಿ ಮುಟ್ಟಿದಾಗ ಎಲ್ಲರೂ ಇದ್ದರು, ನಮ್ಮ ಯಜಮಾನರು ಇರಲಿಲ್ಲ.

ಸಂಜು ಜೀಪಿನ ಹತ್ತಿರ ಓಡಿ ಬಂದ. "ದಾರಿ ಎರಡಾಗೋ ಕಡೆ ಲೈಟ್ ಹಾಕಿ ತೋರಿಸಿದ್ನಿರಿ. ಮಂಜಿನಾಗ ಕಂಡಿಲ್ಲ ಅನಸ್ತೈತಿ. ನೆಟ್ಟಗ ಹ್ವಾದ್ರು. ಹಾರ್ನ್ ಹೊಡದೆ, ಬೆನ್ನು ಹತ್ತಿ ಹ್ವಾದೆ, ಸಿಗಲಿಲ್ರಿ."

ನೆಟ್ಟಗೆ ಹೋದ ದಾರಿ ಕಾಡಿನೊಳಗಿನ ಮಣ್ಣಿನ ದಾರಿ, ಮುಂದೆ ಅದೂ ಕವಲೊಡೆಯುತ್ತದೆ. ಅವರ ಮೊಬೈಲು ನನ್ನ ಚೀಲದಲ್ಲಿತ್ತು, ಇದ್ದರೂ ಕೇಳದವರಿಗೆ ಅದರಿಂದೇನು. ಕತ್ತಲಾಗುವವರೆಗೆ ಹುಡುಕಿದರು. ಪೊಲೀಸರಿಗೂ ಅರಣ್ಯದವರಿಗೂ ಹೇಳಿದರು. ಮಳೆ ಬಿಡದೆ ಒಳಗೆ ಹೋಗುವುದು ಆಗದ ಮಾತು ಎಂದು ಅವರು ಹೇಳಿದ್ದು ಸುಳ್ಳಲ್ಲ. ಚಹಾದಂಗಡಿಯವರ ಮನೆಯಲ್ಲೇ ನಮಗೆ ಮಲಗಲು ಜಾಗ ಕೊಟ್ಟರು. ಗಂಜಿ ಕೊಟ್ಟರು, ನಾನು ಉಣ್ಣದೆ ಹಾಗೇ ಇಟ್ಟೆ.

ಭಕ್ತರೇ, ಆ ರಾತ್ರಿ ನಾನು ತಾಯಿಯ ಜೊತೆ ಜಗಳಾಡಲಿಲ್ಲ. ಜಗಳಾಡುವ ಶಕ್ತಿ ಇರಲಿಲ್ಲ. ಆ ಕಾಡಿನಲ್ಲಿ ಯಾರು ಕೂಗಿದರೂ ಅವರಿಗೆ ಕೇಳುವುದಿಲ್ಲ, ತನ್ನನ್ನು ಯಾರೂ ಹುಡುಕುತ್ತಿಲ್ಲ ಎಂದೇ ತಿಳಿದುಕೊಳ್ಳುತ್ತಾರೆ ಎಂಬುದೇ ನನ್ನ ಕರುಳು ಕಿತ್ತು ತಿನ್ನುತ್ತಿತ್ತು. "ತಾಯಿ, ಜೀವಮಾನಕ್ಕ ಕಿವಿ ಕೊಡದಿದ್ರ ಬಿಡು. ನಾಳಿ ಒಂದ ಸಲ ನನ್ನ ಮಾತು ಅವ್ರಿಗೆ ಮುಟ್ಟಸು" ಎಂದು ಕೇಳಿಕೊಂಡೆ. ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಮಾಂಗಲ್ಯ ಹಿಡಿದ ಅಂಗೈಯಲ್ಲಿ ಅದರ ಗುರುತು ಬಿದ್ದಿತ್ತು.

ಬೆಳಿಗ್ಗೆ ಮಳೆ ಸಣ್ಣದಾಯಿತು, ಮಂಜು ಮಾತ್ರ ಪೂರ್ತಿ ಹರಿದಿರಲಿಲ್ಲ. ಜೇನು ಕೀಳುವವರೊಬ್ಬರು ಅಂಗಡಿಗೆ ಬಂದು, "ಹೊಳೆ ಆಚೆ ಒಬ್ಬರು ಕೂತಿದ್ದಾರೆ. ಎಷ್ಟು ಕೂಗಿದರೂ ತಿರುಗಿ ನೋಡೂದಿಲ್ಲ" ಎಂದರು. ತಿರುಗಿ ನೋಡುವುದಿಲ್ಲ ಅಂದ ಕೂಡಲೇ ಅವರೇ ಎಂದು ನನಗೆ ಖಾತ್ರಿಯಾಯಿತು.

ಅರಣ್ಯದವರನ್ನೂ ಕರೆದುಕೊಂಡು ಜೀಪು ಹೋಗುವಷ್ಟು ಹೋಗಿ ಉಳಿದದ್ದು ಕೆಸರಲ್ಲಿ ನಡೆದೆವು. ಹೊಳೆ ಕಾಣುವ ಮೊದಲೇ ಅದರ ಆರ್ಭಟ ಕೇಳಿಸಿತು. ಸಣ್ಣ ಸೇತುವೆ ಇದ್ದ ಕಡೆ ಎರಡು ಕಂಬ ಮಾತ್ರ ಉಳಿದಿದ್ದವು. ಅವರು ದಾಟಿದ ಮೇಲೆ ಸೇತುವೆ ಕೊಚ್ಚಿಕೊಂಡು ಹೋಗಿದೆ. ಆಚೆ ದಡದಲ್ಲಿ ಬೈಕು ಮಗುಚಿ ಬಿದ್ದಿತ್ತು. ನಮ್ಮ ಯಜಮಾನರು ಒಂದು ಕೋಲು ಊರಿ, ಒಂದು ಕಾಲನ್ನು ಎಳೆಯುತ್ತಾ ನೀರಿನ ಅಂಚಿಗೆ ಬಂದು ಆಳ ನೋಡುತ್ತಿದ್ದರು.

ಎಲ್ಲರೂ ಒಂದೇ ಸಲಕ್ಕೆ ಕೂಗಿದರು. ಸಂಜು ಸೀಟಿ ಊದಿದ. ಮೌಲಾಲಿ ಕೈ ಬೀಸಿದ, ಅರಣ್ಯದವರು ಟವೆಲ್ ಬೀಸಿದರು. ಯಜಮಾನರು ತಲೆ ಎತ್ತಿ ನೋಡಿದರು. ಅಷ್ಟು ಜನ ಕೈ ಬೀಸುವುದನ್ನು ಕಂಡು ಅವರೂ ಒಂದು ಕೈ ಎತ್ತಿದರು. ಬಾ ಎಂದು ಕರೆಯುತ್ತಿದ್ದಾರೆ ಎಂದುಕೊಂಡರು. ಕೋಲನ್ನು ಮುಂದೆ ಊರಿ ಒಂದು ಹೆಜ್ಜೆ ನೀರಿಗೆ ಇಟ್ಟೇಬಿಟ್ಟರು. ನೀರು ಮೊಣಕಾಲಿಗೆ ಬಂತು. ಬರಬೇಡಿ ಎಂದು ಈಚೆ ದಡದವರು ಇನ್ನೂ ಜೋರಾಗಿ ಬೀಸಿದರು, ಅವರು ಇನ್ನೊಂದು ಹೆಜ್ಜೆ ಇಟ್ಟರು.

ನಾನೂ ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಅದು ಕೇಳದೆ ಹೋದ ಆ ಗಳಿಗೆಯಲ್ಲೇ, ನಾನು ಶೆಡ್ಡಿನೊಳಗೆ ಇದ್ದೇನೆ ಅನ್ನಿಸಿತು. ಕಿವಿ ತುಂಬಾ ಅದೇ ಗದ್ದಲ, ಎದುರಿಗೆ ಅವರು, ನಡುವೆ ಮಾತು ಹೋಗದಷ್ಟು ದೂರ. "ಎಲ್ಲಾರೂ ಕೈ ಕೆಳಗ ಮಾಡ್ರಿ" ಎಂದು ಸಂಜುವಿನ ರಟ್ಟೆ ಹಿಡಿದು ಜಗ್ಗಿ, ಎಲ್ಲರ ಮುಂದಿನ ಬಂಡೆ ಏರಿದೆ. ಎರಡು ಮುಷ್ಟಿ ಎದೆಯ ಮುಂದೆ ಜೋಡಿಸಿ ಫಟ್ಟನೆ ಅಗಲಿಸಿದೆ. ಎಳೆ ಹರಿದಿದೆ, ನಿಲ್ಲಿಸು.

ಅವರ ಬಲಗೈ ತಾನಾಗಿ ಪಕ್ಕಕ್ಕೆ ಹೋಯಿತು, ಮಗ್ಗ ನಿಲ್ಲಿಸುವ ಹಿಡಿ ಇರುವ ಕಡೆಗೆ. ಅಲ್ಲಿ ಹಿಡಿ ಇರಲಿಲ್ಲ, ಬರೀ ಗಾಳಿ. ಆದರೆ ಕಾಲು ನಿಂತಿತು. ನಾನು ಮತ್ತೆ ಅದೇ ಸನ್ನೆ ಮಾಡಿದೆ, ಹಿಂದಕ್ಕೆ ಸರಿ ಎಂದೆ. ಅವರು ಕೋಲು ಊರಿಕೊಂಡು ಹಿಂದೆ ಹಿಂದೆ ಹೋಗಿ ದಡದ ಬಂಡೆಯ ಮೇಲೆ ಕುಸಿದರು. ಬುಡಸಮೇತ ಕಿತ್ತ ಮರವೊಂದು ಮೇಲಿನಿಂದ ಉರುಳುತ್ತಾ ಬಂದು, ಅವರು ನಿಂತಿದ್ದ ಜಾಗದ ಮೇಲೆಯೇ ಹಾಯ್ದು ಹೋದದ್ದು ಆಮೇಲೆ. ನಾನು ಅದನ್ನು ಕಣ್ಣಾರೆ ಕಂಡೆ. ಮೌಲಾಲಿ ಎರಡೂ ಕೈ ಮೇಲೆತ್ತಿ ತನ್ನ ದೇವರಿಗೆ ಏನೋ ಹೇಳಿಕೊಂಡ.

ಅರಣ್ಯದವರು ಹಗ್ಗ ಹಿಡಿದು ಮೇಲಿನ ದಾರಿ ಸುತ್ತಿ ಬರಲು ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ನಾನು ಆ ಬಂಡೆ ಬಿಟ್ಟು ಇಳಿಯಲಿಲ್ಲ. ಜನ ಬರುತ್ತಿದ್ದಾರೆ, ಕೂತಲ್ಲೇ ಕೂತಿರಿ ಎಂದು ಕೈಯಿಂದ ಹೇಳಿದೆ. ಕಾಲು ಮುರಿದಿದೆ ಎಂದು ಅವರು ಆಚೆಯಿಂದ ತೋರಿಸಿದರು. ನೋವು ಬಹಳವೇ ಎಂದೆ. ಅದಕ್ಕೆ ಅವರು ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿ, ನನ್ನ ಕಡೆ ಕೈ ಮಾಡಿದರು. ನೀ ಉಂಡೆಯಾ ಎಂದು ಕೇಳಿದರು. ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಆಗ ಅತ್ತೆ. ಉಂಡೆ ಎಂದು ಸುಳ್ಳು ಹೇಳಿದೆ.

ಕುಮಟೆಯ ಆಸ್ಪತ್ರೆಯಲ್ಲಿ ಕಾಲಿಗೆ ಸರಳು ಹಾಕಿದರು. ಆಮೇಲೆ ಆಂಬುಲೆನ್ಸಿನಲ್ಲಿ ಊರಿಗೆ ತಂದೆವು. ಬೈಕನ್ನು ಹೊಳೆ ಒಯ್ದಿತು. ಕಾಲು ಮೊದಲಿನಂತೆ ಆಗಲಿಲ್ಲ, ಮಗ್ಗದ ಮುಂದೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಕಿವಿಯಂತೂ ಇದ್ದಂತೆಯೇ ಇದೆ. ಇದೆಂಥ ಫಲ ಎಂದು ಕೆಲವರು ಕೇಳಿದರು. ಅವರಿಗೆ ನಾನು ಹೇಳುವುದಿಷ್ಟೇ. ನಾನು ಕೇಳಿದ್ದು, ನನ್ನ ಮಾತು ಅವರಿಗೆ ಒಂದು ಸಲ ಮುಟ್ಟಲಿ ಎಂದು. ಮುಟ್ಟಿತು. ಯಾವ ಸದ್ದು ಅವರ ಕಿವಿ ತಿಂದಿತೋ ಆ ಸದ್ದಿನೊಳಗೇ ತಾಯಿ ನಮಗೆ ಈ ಮಾತನ್ನೂ ಕಲಿಸಿದ್ದಳು. ಇಷ್ಟು ವರ್ಷ ಅದನ್ನು ಅವಳು ಕೊಟ್ಟದ್ದೆಂದು ನನಗೆ ತಿಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಅವರನ್ನು ಕೈಯಿಂದಲೇ ಕೇಳಿದೆ, ಅಷ್ಟು ಜನರ ನಡುವೆ ನಾನೆಂದು ಹೇಗೆ ಗೊತ್ತಾಯಿತು ಎಂದು. ಓಣಿಗೆಲ್ಲ ಕೇಳುವ ಹಾಗೆ ಹೇಳಿದರು:

"ಮಂಜಿನಾಗ ಯಾರ ಮಾರಿನೂ ಕಾಣತಿರಲಿಲ್ಲ. ಉಳದವ್ರೆಲ್ಲ ಬರೇ ಕೈ ಬೀಸಿದ್ರು. ಮಾತಾಡಿದಾಕಿ ನೀ ಒಬ್ಬಾಕಿನ."

ಈಗ ಶುಕ್ರವಾರ ದೀಪ ಹಚ್ಚುವಾಗ ಕಿವಿ ಕೊಡು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಈ ಚಳಿಗಾಲದಿಂದ ನನ್ನ ಬೆರಳಿನ ಕೀಲುಗಳು ಬಿಗಿಯುತ್ತಿವೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗುವುದಿಲ್ಲ, ಬಿಸಿ ನೀರಿನಲ್ಲಿ ಅದ್ದಿದ ಮೇಲೆ ಮೆಲ್ಲಗೆ ಮಡಚುತ್ತವೆ. ಇದು ಸಂಧಿವಾತ, ವಾಸಿಯಾಗುವುದು ಕಷ್ಟ ಎಂದು ಜಮಖಂಡಿಯಲ್ಲಿ ಹೇಳಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ಹೇಳಬೇಕೆಂದರೂ ಇದೇ ಬೆರಳುಗಳಿಂದ ಹೇಳಬೇಕು. ತಾಯಿ ಬನಶಂಕರಿ, ನಿನ್ನ ಮೇಲೆ ನನಗೆ ಈಗ ಸಿಟ್ಟಿಲ್ಲ, ಸಂಶಯವೂ ಇಲ್ಲ. ಅವರು ಇರುವ ತನಕ ನನ್ನ ಕೈ ಆಡಲಿ.