ಕಡಲೆ ಹೊಲದ ಹುಳಿ

ನಮ್ಮ ಕಡೆಯ ಬಿಸಿಲು ನಾಡಿಗೆಲ್ಲ ಗೊತ್ತು. ಥಂಡಿಯ ಸುದ್ದಿ ಮಾತ್ರ ಯಾರಿಗೂ ಬೇಡ. ಟಿವಿಯವರು ವರ್ಷಕ್ಕೆ ಒಂದೆರಡು ದಿನ ಬೀದರ ಜಿಲ್ಲೆಯ ಹೆಸರು ಹೇಳಿ ‘ಗಡಗಡ’ ಅನ್ನುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಮಂಠಾಳದ ಆಚೆ, ಹೊಲದ ನಡುವಿನ ಮನೆಯಲ್ಲಿ ಬಾಳುವೆ ಮಾಡುವವರಿಗೆ ಗೊತ್ತು, ದೀಪಾವಳಿಗೆ ಬಂದು ಕೂತ ಥಂಡಿ ಶಿವರಾತ್ರಿಯವರೆಗೆ ಏಳುವುದಿಲ್ಲ. ಮುಂಜಾನೆ ಒಂಬತ್ತಾದರೂ ಮಂಜು ಬಿಡುವುದಿಲ್ಲ. ಅಂಗಳದ ಬೇವಿನ ಗಿಡವೇ ಕಾಣುವುದಿಲ್ಲ. ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿ ಹಚ್ಚಿ ಸಾಕಾಗುತ್ತದೆ. ಮೊದಲು ನನಗೆ ಈ ಥಂಡಿ ಎಂದರೆ ಭಾಳ ಪ್ರೀತಿ. ಈಗ ಅದು ಬಂದರೆ ಸಿಟ್ಟು ಬರುತ್ತದೆ.

ನನ್ನನ್ನೂ ನನ್ನ ಅಕ್ಕನನ್ನೂ ಒಂದೇ ಮನೆಗೆ ಕೊಟ್ಟಿದ್ದರು. ಅಣ್ಣನಿಗೆ ಅವಳು, ತಮ್ಮನಿಗೆ ನಾನು. ಅಕ್ಕತಂಗಿಯರು ವಾರಗಿತ್ತಿಯರಾದರೆ ಜಗಳ ನೋಡಬೇಕು ಎಂದು ಊರವರು ಕಾದಿದ್ದರು. ಜಗಳ ಆಡಿದೆವು, ಇಲ್ಲ ಅನ್ನುವುದಿಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದವೇ. ಆದರೆ ಚಳಿಗಾಲದ ಮುಂಜಾನೆ ಅವಳೇ ಹೊಲಿದ ಒಂದು ಕೌದಿಯನ್ನು ಇಬ್ಬರೂ ಹೆಗಲ ಮೇಲೆ ಎಳೆದುಕೊಂಡು, ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದೆವು. ಹಿಂದಿನ ದಿನದ ಜಗಳ ಆಗ ನೆನಪಿಗೂ ಬರುತ್ತಿರಲಿಲ್ಲ.

ನಮ್ಮ ಹೊಲದಲ್ಲಿ ಕಡಲೆ ಬೆಳೆಯುತ್ತೇವೆ. ಕಡಲೆ ಗಿಡದ ಎಲೆಗೆ ಹುಳಿ ಇರುತ್ತದೆ. ಹೊತ್ತು ಮುಳುಗುವಾಗ ಹಳೆಯ ಬಿಳಿ ಧೋತರವೊಂದನ್ನು ಗಿಡಗಳ ಮೇಲೆ ಹಾಸಿ ಬಂದರೆ, ಬೆಳಗಾಗುವಷ್ಟರಲ್ಲಿ ಇಬ್ಬನಿಯ ಜೊತೆ ಆ ಹುಳಿ ಬಟ್ಟೆಗೆ ಇಳಿದಿರುತ್ತದೆ. ಬಿಸಿಲು ಬೀಳುವ ಮೊದಲೇ ಹೋಗಿ ಹಿಂಡಿ ಸೀಸೆಗೆ ತುಂಬಬೇಕು. ಹೊಟ್ಟೆನೋವಿಗೆ ನಮ್ಮಲ್ಲಿ ಅದೇ ಔಷಧ. ಥಂಡಿ ಜೋರಾದಷ್ಟೂ ಇಬ್ಬನಿ ಹೆಚ್ಚು. ಹಿಂಡುವಾಗ ಬೆರಳು ಮರಗಟ್ಟುತ್ತವೆ, ಕಾಲಿನ ಬಿರುಕಿಗೆ ಹುಳಿ ತಾಗಿ ಚುರುಚುರು ಉರಿಯುತ್ತದೆ. ಆದರೂ ಊರಲ್ಲಿ ಯಾರಿಗೆ ಹೊಟ್ಟೆ ನೋಯಲಿ, ನನ್ನ ಸೀಸೆಯೇ ಬೇಕು. ಅದರ ಸೊಕ್ಕು ನನಗಿತ್ತು.

ಅಕ್ಕ ಹೊಟ್ಟೆ ಹಿಡಿದುಕೊಂಡದ್ದು ಮೂರು ವರ್ಷದ ಹಿಂದಿನ ದೀಪಾವಳಿಯ ದಿನ. ಕರ್ಚಿಕಾಯಿ ಕರಿಯುತ್ತಿದ್ದವಳು ಝಾರಾ ನನ್ನ ಕೈಗಿಟ್ಟು ಗೋಡೆಗೆ ಒರಗಿದಳು.

“ಏನಾತ?” ಅಂದೆ.

“ಏನಿಲ್ಲ, ವಾಯು ಹಿಡದದ. ಹೋದ ವರ್ಷದ ಹುಳಿ ಉಳದದೇನ ನೋಡು.”

ಉಳಿದಿತ್ತು, ಕೊಟ್ಟೆ. ಅದು ಮುಗಿಯುವ ಹೊತ್ತಿಗೆ ಹೊಸ ಕಡಲೆ ಮೇಲೆದ್ದಿತ್ತು. ಆ ವರ್ಷ ಥಂಡಿಯೋ ಥಂಡಿ. ನನಗೆ ಸಂತೋಷ. ದಿನಾ ಮುಂಜಾನೆ ಮಂಜಿನಲ್ಲಿ ಹೋಗಿ ಹಿಂಡಿ ತಂದು, ಒಂದು ಚಮಚ ನೀರಿಗೆ ಹಾಕಿ ಅವಳ ಬಾಯಿಗೆ ಹಿಡಿಯುತ್ತಿದ್ದೆ. “ನಿನ್ನ ಹುಳಿ ಹೊಟ್ಟಿಗೆ ಬಿದ್ದ ಮ್ಯಾಲ ಜರಾ ಹಗುರಾಗ್ತದ ನೋಡು,” ಅನ್ನುತ್ತಿದ್ದಳು. ಬಾವ ಎರಡು ಸಲ ದವಾಖಾನೆಗೆ ಹೋಗೋಣ ಎಂದರು. “ಹುಳಿ ಹತ್ತಾಕತ್ತದ, ಸುಮ್ನಿರ್ರಿ,” ಎಂದು ಅವರ ಬಾಯಿ ಮುಚ್ಚಿಸಿದವಳು ನಾನೇ.

ದೀಪಾವಳಿಯಾಗಿ ಎರಡು ತಿಂಗಳಿಗೆ, ಎಳ್ಳಮಾಸಿಯ ದಿನ, ಎಲ್ಲರೂ ಹೊಲದಲ್ಲಿ ಊಟಕ್ಕೆ ಕೂತಾಗ ಅಕ್ಕ ಸಜ್ಜೆ ರೊಟ್ಟಿಯ ಒಂದು ಚೂರು ಮುರಿದು, ಕಾಳು ಸೊಪ್ಪಿನ ಭಜ್ಜಿಯಲ್ಲಿ ಅದ್ದಿ, ತಿನ್ನದೆ ಹಾಗೇ ಕೈಯಲ್ಲಿ ಹಿಡಿದು ಕೂತಿದ್ದಳು. ಬಳೆಗಳು ಮೊಣಕೈವರೆಗೆ ಜಾರಿದ್ದವು. ಇಷ್ಟು ದಿನ ಸ್ವೆಟರಿನೊಳಗೆ ಆ ಕೈ ನನಗೆ ಕಂಡಿರಲೇ ಇಲ್ಲ. ಮರುದಿನವೇ ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಅವಳನ್ನು ಹುಮನಾಬಾದಿಗೆ ಕರೆದುಕೊಂಡು ಹೋದೆ.

ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಅಷ್ಟೇ. ನಮಗಿಂತ ಮುಂದಿದ್ದ ಹೆಂಗಸಿಗೆ ಅವರು ಬೈಯುತ್ತಿದ್ದುದು ಹೊರಗೆ ಕೂತ ಎಲ್ಲರಿಗೂ ಕೇಳುತ್ತಿತ್ತು. “ಮನ್ಯಾಗ ಅದು ಇದು ಕುಡಿಸಿ, ಮೈ ಹಣ್ಣ ಮಾಡಿ ನನ್ನ ಹತ್ರ ತರ್ತೀರಿ! ಬುದ್ಧಿ ಅದ ಏನ್ರಿ ನಿಮಗ?” ಆ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬಂದಳು. ನನ್ನ ಮುಖ ಬಿಸಿಯಾಯಿತು. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು.

ಒಳಗೆ ಹೋದೆವು. “ಎಷ್ಟ ದಿನ ಆತ್ರಿ ನೋವು ಶುರುವಾಗಿ?” ಡಾಕ್ಟರು ಕೇಳಿದರು.

“ನಾಕ ದಿನ ಆತ್ರಿ,” ಅಂದಳು ಅಕ್ಕ. ಶಾಲಿನ ಕೆಳಗೆ ನನ್ನ ಕೈ ಗಟ್ಟಿಯಾಗಿ ಒತ್ತಿದಳು.

ಡಾಕ್ಟರು ನನ್ನ ಕಡೆ ತಿರುಗಿದರು. “ಹೌದೇನ್ರಿ?”

“ಹೌದ್ರಿ,” ಅಂದೆ.

ಇಷ್ಟೇ. ಎಂಥ ಉದ್ದ ನಾಲಿಗೆ ನನ್ನದು, ಅವತ್ತು ಮಾತ್ರ ಒಂದೇ ಶಬ್ದಕ್ಕೆ ನಿಂತುಬಿಟ್ಟಿತು. ನಾಲ್ಕು ದಿನದ ನೋವಿಗೆ ಏನು ಕೊಡಬೇಕೋ ಅದನ್ನೇ ಅವರು ಕೊಟ್ಟರು. ಹದಿನೈದು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಬೇಕು, ಸ್ಕ್ಯಾನ್ ಮಾಡಿಸಬೇಕು ಎಂದೂ ಹೇಳಿದರು. ಅವರದೇನೂ ತಪ್ಪಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಹಿಡಿದುಕೊಂಡು ಅಕ್ಕ ನಕ್ಕಳು. “ಅಷ್ಟು ಮಂದ್ಯಾಗ ನಿನ್ನ ಬೈಸಗೊಡಲಿಲ್ಲ ನೋಡು!” ನಾನೂ ನಕ್ಕೆ. ಥೂ, ನನ್ನ ಬಾಳಿಗಿಷ್ಟು.

ಗುಳಿಗೆಯಿಂದ ಹಗುರಾಗಿದೆ ಎಂದು ಅವಳು ಅಂದಳು, ಹೌದು ಎಂದು ನಾನು ನಂಬಿದೆ. ಹದಿನೈದು ದಿನ ಹೋಗಿ ತಿಂಗಳ ಮೇಲಾಯಿತು. ನಡುವೆ ಹುಳಿಯೂ ನಡೆದೇ ಇತ್ತು. ಒಂದು ಮುಂಜಾನೆ ಅವಳು ಕೌದಿಯಿಂದ ಏಳಲಾರದೆ ಹೋದಾಗ ಬಾವ ಗಾಡಿ ಮಾಡಿ ಸೊಲ್ಲಾಪುರಕ್ಕೆ ಒಯ್ದರು. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹರಡಿದೆ ಎಂದು ಅಲ್ಲಿಯ ಡಾಕ್ಟರು ಅಂದರು. ಎರಡು ತಿಂಗಳು ಮೊದಲೇ ಬಂದಿದ್ದರೆ ಆಪರೇಶನ್ ಮಾಡಿ ನೋಡಬಹುದಿತ್ತು ಅಂದರು. ಬಾವ ಏನೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಒಮ್ಮೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಿವರಾತ್ರಿ ಮುಗಿದು ಥಂಡಿ ಬಿಟ್ಟಿತು. ಅಕ್ಕ ಯುಗಾದಿ ನೋಡಲಿಲ್ಲ.

ಆಮೇಲೆಯೂ ನಾನು ಧೋತರ ಹಾಸುವುದನ್ನು ಬಿಟ್ಟಿಲ್ಲ. ಸಂಜೆಯಾದರೆ ಕಾಲು ತಾನಾಗಿ ಹೊಲಕ್ಕೆ ಹೋಗುತ್ತದೆ. ಹಿಂಡಿದ್ದನ್ನು ಬದುವಿಗೆ ಚೆಲ್ಲಿ ಬರುತ್ತೇನೆ.

ಹೋದ ವಾರ ಮುಂಜಾನೆ ಬಟ್ಟೆ ಹಿಂಡುತ್ತಿದ್ದಾಗ ಪಕ್ಕದ ಹೊಲದವರ ಸೊಸೆ ಮಂಜಿನೊಳಗಿಂದ ಬಂದು ನಿಂತಳು. ಹೊಸದಾಗಿ ಬಂದ ಹುಡುಗಿ, ಕೈಯಲ್ಲಿ ಖಾಲಿ ಸೀಸೆ.

“ಅಕ್ಕಾರ, ಜರಾ ಹುಳಿ ಕೊಡ್ರಿ. ನಮ್ಮ ಅತ್ತಿಯವರಿಗಿ ಹೊಟ್ಟಿ ನೋವದ.”

“ಎಷ್ಟ ದಿನ ಆತು?”

“ನಾಕ ದಿನ ಆತ್ರಿ.”

ನನಗೆ ಏನಾಯಿತೋ. “ಖರೆ ಹೇಳು!” ಎಂದು ಚೀರಿದೆ. “ಸುಳ್ಳ ಹೇಳಬ್ಯಾಡ, ಎಷ್ಟ ದಿನ ಆತು? ಇವತ್ತ ದವಾಖಾನಿಗಿ ಕರಕೊಂಡು ಹೋಗು, ಈಗಿಂದೀಗ ಹೋಗು!” ಹುಡುಗಿ ಹೆದರಿ ಸೀಸೆಯನ್ನು ಅಲ್ಲೇ ಬಿಟ್ಟು ಓಡಿದಳು. ಪಾಪ, ಅವಳು ಹೇಳಿದ್ದು ಖರೆಯೇ ಇದ್ದೀತು.

ಅವಳು ಹೋದ ಮೇಲೆ ಹೊಲದಲ್ಲಿ ನಾನೊಬ್ಬಳೇ. ಒದ್ದೆ ಧೋತರ ಕೈಯಲ್ಲೇ ಇತ್ತು, ಬೆರಳು ಮರಗಟ್ಟಿದ್ದವು.

“ದೀಪಾವಳಿಯಿಂದ್ರಿ,” ಅಂದೆ. “ದೀಪಾವಳಿಯಿಂದ ನೋವದ್ರಿ ನಮ್ಮ ಅಕ್ಕಗ.”